ಕ್ಯಾಂಪಸ್‌ನ ಹಳೇ ಕಟ್ಟಡ ನವೀಕರಣ: ಟೆಂಡರ್ ಕರೆಯುವ ಮೊದಲು ಏನೇನು ಕೇಳಬೇಕು?

ರಸಾಯನ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ವಿಭಾಗ ಇರುವ ಕಟ್ಟಡಕ್ಕೆ ಅರವತ್ತು ವರ್ಷ ದಾಟಿದೆ. ಮೂರು ಮಹಡಿ. ಕೆಳಗೆ ಲ್ಯಾಬ್, ನಡುವೆ ಕ್ಲಾಸ್‌ರೂಮ್, ಮೇಲೆ ಓದುವ ಕೋಣೆ. ಇಟ್ಟಿಗೆ ಗೋಡೆ, ಮರದ ಕಿಟಕಿ, ದಪ್ಪ ತಾರಸಿ. ಈಗ ನವೀಕರಣಕ್ಕೆ ಹಣ ಮಂಜೂರಾಗಿದೆ. ಅಧ್ಯಾಪಕರ ಕಡೆಯಿಂದ ನನ್ನನ್ನು ಕಟ್ಟಡ ಸಮಿತಿಗೆ ಹಾಕಿದ್ದಾರೆ.

ಮೊದಲ ಸಭೆಯಲ್ಲಿ ‘ಪರಿಸರಸ್ನೇಹಿ’ ಅನ್ನುವ ಮಾತು ಹತ್ತು ಸಲವಾದರೂ ಬಂತು. ಹಾಗಂದರೆ ಏನು ಅಂತ ಕೇಳಿದೆ. ಕಿಟಕಿ ಎಲ್ಲ ಕಿತ್ತು ಅಲ್ಯೂಮಿನಿಯಂ ಹಾಕುವುದು, ತಾರಸಿ ಮೇಲೆ ಸೋಲಾರ್ ಕೂರಿಸುವುದು, ಬಾಗಿಲ ಪಕ್ಕ ಹಸಿರು ಕಟ್ಟಡದ ಫಲಕ ಹಾಕುವುದು. ಉತ್ತರ ಅಷ್ಟೇ. ಒಳಗಿನದ್ದೆಲ್ಲ ಒಡೆದು ಹೊಸದಾಗಿ ಮಾಡುತ್ತಾರಂತೆ.

ನನಗೆ ಕಟ್ಟಡದ ಕೆಲಸ ಗೊತ್ತಿಲ್ಲ. ಆದರೆ ಇಷ್ಟೆಲ್ಲ ಒಡೆದು ಹಾಕಿ ಅದನ್ನು ಪರಿಸರಸ್ನೇಹಿ ಅನ್ನುವುದು ಯಾಕೋ ಮನಸ್ಸಿಗೆ ಹಿಡಿಸುತ್ತಿಲ್ಲ. ಟೆಂಡರ್‌ಗೆ ಇನ್ನು ಆರು ವಾರ ಇದೆ. ನಾನು ಏನು ಕೇಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಗೋಡೆ

ಮೇಷ್ಟ್ರೇ, ನಾನು ಆರ್ಕಿಟೆಕ್ಟ್. ಹಳೇ ಕಟ್ಟಡಗಳ ಕೆಲಸವನ್ನೇ ಜಾಸ್ತಿ ಮಾಡಿದವಳು. ‘ಹೊಸದಾಗಿ ಏನು ಹಾಕಬೇಕು’ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ‘ಏನನ್ನು ಮುಟ್ಟಬಾರದು’ ಅಂತ ಕೇಳಿ.

ಕಾರಣ ನಿಮ್ಮದೇ ವಿಷಯದಲ್ಲಿದೆ. ಸಿಮೆಂಟ್ ಮಾಡಲು ಸುಣ್ಣದಕಲ್ಲು ಸುಡಬೇಕು. 100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದು ಕಲ್ಲಿನೊಳಗಿಂದಲೇ ಬರುವುದು. ಉರುವಲಿನ ಹೊಗೆ ಬೇರೆ. ಸಿಮೆಂಟ್ ಗೂಡು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 8 ಪಾಲು ಸಿಮೆಂಟ್ ಒಂದರದ್ದೇ. ನಿಮ್ಮ ಕಟ್ಟಡದ ಅಡಿಪಾಯ, ಕಂಬ, ತೊಲೆ, ಮಹಡಿಗಳ ಹೊಗೆ ಅರವತ್ತು ವರ್ಷದ ಹಿಂದೆಯೇ ಗಾಳಿ ಸೇರಿ ಆಗಿದೆ. ಅವನ್ನು ಉಳಿಸಿಕೊಂಡರೆ ಹೊಸ ಹೊಗೆ ಇಲ್ಲ. ಒಡೆದು ಮತ್ತೆ ಕಟ್ಟಿದರೆ ಎರಡನೇ ಸಲ ಬಿಟ್ಟ ಹಾಗೆ.

ಫ್ರಾನ್ಸಿನ ಬೋರ್ಡೋ ಊರಿನ ಗ್ರಾಂ ಪಾರ್ಕ್ ಬಡಾವಣೆಯ ಕೆಲಸ ನೋಡಿ. 1960ರ ದಶಕದ ಮೂರು ದೊಡ್ಡ ಬ್ಲಾಕ್, 530 ಮನೆ. ಒಡೆಯಬೇಕು ಅನ್ನುವ ಮಾತೂ ಇತ್ತು. ಆರ್ಕಿಟೆಕ್ಟ್‌ಗಳಾದ ಆನ್ ಲಕಾತೋಂ, ಜಾನ್ ಫಿಲಿಪ್ ವಸಾಲ್ ಮತ್ತು ಜೊತೆಗಾರರು ಅದನ್ನು ಒಡೆಯಲಿಲ್ಲ. ಹೊರಗೋಡೆಗೆ ಅಂಟಿದಂತೆ ಗಾಜಿನ ಪಡಸಾಲೆ ಸೇರಿಸಿದರು. ಒಳಗಿನ ಕೋಣೆಗಳಿಗೆ ಬೆಳಕು ಬಂತು. ಚಳಿಗೂ ಒಂದು ಪದರ ಅಡ್ಡ ಸಿಕ್ಕಿತು. ಜನ ಮನೆ ಖಾಲಿ ಮಾಡದೆಯೇ ಕೆಲಸ ಮುಗಿಯಿತು. ಲಕಾತೋಂ, ವಸಾಲ್ ಇಬ್ಬರಿಗೂ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು.

ಹಾಗಾಗಿ ಒಂದು ಪಟ್ಟಿ ಮಾಡಿಸಿ. ಪ್ರತಿ ಕೋಣೆಯಲ್ಲೂ ಏನೇನು ಗಟ್ಟಿಯಾಗಿದೆ, ಏನು ರಿಪೇರಿಗೆ ಬರುತ್ತದೆ, ಏನು ನಿಜಕ್ಕೂ ಹೋಗಲೇಬೇಕು. ಈ ಪಟ್ಟಿ ಇಲ್ಲದೆ ಯಾರೂ ನಕ್ಷೆಗೆ ಕೈ ಹಾಕಬಾರದು.

ಮೀಟರ್_ರೀಡಿಂಗ್

ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ನಾನು ಒಂದು ದೊಡ್ಡ ಕ್ಯಾಂಪಸ್‌ನ ನಿರ್ವಹಣೆ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳೂ ಕರೆಂಟ್ ಬಿಲ್ ನನ್ನ ಕೈಗೇ ಬರುತ್ತದೆ. ಜಾಸ್ತಿ ಕರೆಂಟ್ ತಿನ್ನುವುದು ಹಳೇ ಕಟ್ಟಡಗಳೇ. ಕಿಟಕಿ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ತಾರಸಿ ಕಾದು ಮೇಲಿನ ಮಹಡಿ ಬೇಯುತ್ತದೆ. ಅರವತ್ತು ವರ್ಷದ ವೈರಿಂಗ್ ಬೇರೆ ಭಯ. ಇದನ್ನೆಲ್ಲ ಹಾಗೇ ಬಿಟ್ಟು ‘ಉಳಿಸಿದೆವು’ ಅಂದರೆ ಮುಂದಿನ ಐವತ್ತು ವರ್ಷ ದಂಡ ಕಟ್ಟುತ್ತಾ ಇರಬೇಕು. ಕಟ್ಟಡ ಕಟ್ಟುವಾಗಿನ ಹೊಗೆ ಒಮ್ಮೆ ಬಂದು ಹೋಗುತ್ತದೆ. ಬಳಸುವಾಗಿನ ಹೊಗೆ ದಿನಾ ಬರುತ್ತದೆ.

ಹಳೇಗೋಡೆ

ಸರ್, ಹಾಗೇ ಬಿಡಿ ಅಂತ ನಾನು ಹೇಳಲೇ ಇಲ್ಲ. ಕಂಬ, ತೊಲೆ ಅನ್ನುವ ಎಲುಬು ಉಳಿಸಿ, ಕಿಟಕಿ, ತಾರಸಿ ಅನ್ನುವ ಚರ್ಮ ಸರಿ ಮಾಡಿ ಅಂತ ಹೇಳಿದ್ದು. ಕಟ್ಟಡದ ತೂಕವೆಲ್ಲ ಎಲುಬಿನಲ್ಲಿದೆ. ಕರೆಂಟ್ ಪೋಲಾಗುವುದು ಚರ್ಮದಲ್ಲಿ ಮತ್ತು ಯಂತ್ರಗಳಲ್ಲಿ. ಎರಡೂ ಬೇರೆ ಬೇರೆ.

ಇನ್ನೊಂದು ಮಾತು. ಈ ವರ್ಷ ಬಿಟ್ಟ ಹೊಗೆ ಈ ವರ್ಷದಿಂದಲೇ ಬಿಸಿ ಮಾಡಲು ಶುರು ಮಾಡುತ್ತದೆ. ಹೊಸ ಕಟ್ಟಡ ಕರೆಂಟ್ ಉಳಿಸಿ ಆ ಸಾಲ ತೀರಿಸುವುದಕ್ಕೆ ದಶಕಗಳೇ ಬೇಕಾಗಬಹುದು. ಅಷ್ಟರಲ್ಲಿ ಕರೆಂಟ್ ಗಾಳಿ, ಬಿಸಿಲಿನಿಂದ ಬರುವುದು ಹೆಚ್ಚಾದರೆ ಉಳಿತಾಯದ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಎರಡು ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡಬೇಕು. ಬರೀ ಬಿಲ್ ನೋಡಿದರೂ ತಪ್ಪು, ಬರೀ ಇಟ್ಟಿಗೆ ನೋಡಿದರೂ ತಪ್ಪು.

ಕಿಟಕಿ ವಿಷಯಕ್ಕೆ ಬಂದರೆ, ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನಲ್ಲಿ 6,514 ಕಿಟಕಿಗಳಿವೆ. 2010ರ ಸುಮಾರಿಗೆ ನವೀಕರಣ ಮಾಡಿದಾಗ ಅವನ್ನು ಬಿಸಾಡಲಿಲ್ಲ. ಕಟ್ಟಡದೊಳಗೇ ಒಂದು ಮಹಡಿಯಲ್ಲಿ ವರ್ಕ್‌ಶಾಪ್ ಹಾಕಿದರು. ಹಳೇ ಗಾಜನ್ನೇ ತೆಗೆದು, ತೊಳೆದು, ನಡುವೆ ಒಂದು ತೆಳು ಹಾಳೆ ಮತ್ತು ಅನಿಲ ತುಂಬಿ ವಾಪಸ್ ಕೂರಿಸಿದರು. ಇಡೀ ಕಟ್ಟಡದ ವಿದ್ಯುತ್ ಮತ್ತು ಇಂಧನ ಬಳಕೆಯನ್ನು ಶೇ. 38 ಇಳಿಸುವ ಯೋಜನೆಯಲ್ಲಿ ಇದೂ ಒಂದು ಭಾಗ. ಅಷ್ಟು ದೊಡ್ಡ ಕಟ್ಟಡದಲ್ಲಿ ಆಗುವುದಾದರೆ ಮೂರು ಮಹಡಿಯಲ್ಲಿ ಯಾಕೆ ಆಗಬಾರದು?

ಸೈಟ್_ಇಂಜಿನಿಯರ್

ಉಳಿಸುವುದು, ಒಡೆಯುವುದು ಎರಡಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಇದನ್ನು ಬಿಟ್ಟರೆ ಜೀವಕ್ಕೇ ಅಪಾಯ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ವಿದ್ಯಾಸಂಸ್ಥೆಯ ಸಭಾಂಗಣದ ನವೀಕರಣಕ್ಕೆ ಹಾಕಿದ್ದರು. ಮೊದಲ ದಿನವೇ ಫಾಲ್ಸ್ ಸೀಲಿಂಗ್ ಕೀಳಲು ಹೇಳಿದರು. ಇಬ್ಬರು ಹುಡುಗರು ಏಣಿ ಹತ್ತಿ ಹಾರೆಯಿಂದ ಎಬ್ಬಿಸುತ್ತಿದ್ದರು. ಮೂಗಿಗೆ ಕರವಸ್ತ್ರ ಬಿಟ್ಟರೆ ಏನೂ ಇಲ್ಲ. ಹಲಗೆ ಮುರಿದ ಕಡೆ ಬೂದು ಬಣ್ಣದ ಅಂಚಿನಲ್ಲಿ ಕೂದಲೆಳೆಯಂಥ ನಾರು ನಿಂತಿತ್ತು. ಬಿಸಿಲು ಕೋಲು ಬಿದ್ದ ಜಾಗದಲ್ಲಿ ಆ ನಾರು ಹೊಳೆಯುತ್ತಾ ಇಳಿಯುತ್ತಿತ್ತು. ಮೂರನೇ ದಿನ ಹಿರಿಯರೊಬ್ಬರು ಬಂದು ನೋಡಿ ಕೆಲಸ ನಿಲ್ಲಿಸಿದರು. ಪರೀಕ್ಷೆಗೆ ಕಳಿಸಿದಾಗ ಆಸ್ಬೆಸ್ಟಸ್ ಅಂತ ಬಂತು. ಅಷ್ಟರಲ್ಲಿ ಆ ಧೂಳು ಕುರ್ಚಿ, ಪರದೆ, ಪಕ್ಕದ ಕೋಣೆಯ ಪುಸ್ತಕದವರೆಗೂ ಹೋಗಿತ್ತು. ಆಸ್ಬೆಸ್ಟಸ್‌ನಿಂದ ಬರುವ ಮೀಸೋಥೀಲಿಯೋಮಾ ಅನ್ನುವ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಬೇಕು. ಆ ಹುಡುಗರಿಗೆ ಈಗ ನಡುವಯಸ್ಸು ಆಗಿರಬೇಕು. ಎಲ್ಲಿದ್ದಾರೋ. ಇವತ್ತಿಗೂ ಅವರ ನೆನಪು ಬಂದರೆ ಸಂಕಟ ಆಗುತ್ತದೆ.

ಆದ್ದರಿಂದ ಒಂದು ಮೊಳೆ ಕೀಳುವ ಮೊದಲೇ ತಜ್ಞರಿಂದ ಅಪಾಯಕಾರಿ ವಸ್ತುಗಳ ಸರ್ವೆ ಮಾಡಿಸಿ. ನಿಮ್ಮ ಕಟ್ಟಡದ ವಯಸ್ಸಿಗೆ ಇವೆಲ್ಲ ಇರಬಹುದು: ಸೀಲಿಂಗ್ ಹಲಗೆ, ಪೈಪಿಗೆ ಸುತ್ತಿದ ಹೊದಿಕೆ, ಹಳೇ ವಿನೈಲ್ ನೆಲಹಾಸು ಮತ್ತು ಅದರ ಕೆಳಗಿನ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಸ್. ಕಿಟಕಿ, ಬಾಗಿಲಿನ ಹಳೇ ಬಣ್ಣದಲ್ಲಿ ಸೀಸ. ಟ್ಯೂಬ್‌ಲೈಟಿನ ಹಳೇ ಚೋಕ್, ಕೆಪಾಸಿಟರ್‌ಗಳಲ್ಲಿ ಮತ್ತು ಕೀಲು ಸಂದಿ ಮುಚ್ಚಿದ ರಬ್ಬರಿನಂಥ ಪುಟ್ಟಿಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಅನ್ನುವ ವಿಷಕಾರಿ ರಾಸಾಯನಿಕ). ಟ್ಯೂಬಿನೊಳಗೆ ಪಾದರಸ.

ಪಿಸಿಬಿ ಹಗುರವಾಗಿ ತೆಗೆದುಕೊಳ್ಳುವ ವಸ್ತುವಲ್ಲ. 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅದನ್ನು ಪೂರ್ತಿ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದ್ದಾರೆ. ಅದು ಸುಲಭವಾಗಿ ಕೊಳೆತು ನಾಶವಾಗುವುದಿಲ್ಲ, ಮೀನಿನ ಕೊಬ್ಬಿನಲ್ಲಿ, ನಮ್ಮ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಎಲ್ಲ ಬಗೆಯ ಆಸ್ಬೆಸ್ಟಸ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಗಟ್ಟಿಯಾಗಿ, ಮುಚ್ಚಿಕೊಂಡು ಇರುವ ಆಸ್ಬೆಸ್ಟಸ್ ಅನ್ನು ಕೆಲವೊಮ್ಮೆ ಮುಟ್ಟದೆ ಬಿಡುವುದೇ ಒಳ್ಳೆಯದು. ಅದನ್ನು ತೀರ್ಮಾನಿಸಬೇಕಾದವರು ತರಬೇತಿ ಪಡೆದವರು, ಮೇಸ್ತ್ರಿಯಲ್ಲ, ಸಮಿತಿಯೂ ಅಲ್ಲ.

ಈ ಸರ್ವೆಯ ಖರ್ಚು ಟೆಂಡರ್‌ನಲ್ಲಿ ಸೇರಬಾರದು. ಟೆಂಡರ್‌ಗೆ ಮುಂಚೆ, ಕಂಟ್ರಾಕ್ಟರ್‌ಗೆ ಸಂಬಂಧ ಇಲ್ಲದವರಿಂದ ಆಗಬೇಕು. ಕೆಲಸ ಶುರುವಾದ ಮೇಲೆ ಸಿಕ್ಕರೆ ಎಲ್ಲರಿಗೂ ಬೇಗ ಮುಗಿಸುವ ಆತುರ ಇರುತ್ತದೆ.

ಲ್ಯಾಬ್_ಸಹಾಯಕಿ

ಮೇಷ್ಟ್ರೇ, ಕೆಳಗಡೆ ಲ್ಯಾಬ್ ಇದೆ ಅಂದಿರಿ. ಸೈಟ್ ಇಂಜಿನಿಯರ್ ಸರ್ ಹೇಳಿದ ಪಟ್ಟಿಗೆ ನನ್ನದೂ ಕೆಲವು ಸೇರಿಸಿ. ಇಪ್ಪತ್ತು ವರ್ಷ ಲ್ಯಾಬಿನಲ್ಲೇ ಕಳೆದಿದ್ದೇನೆ.

ಸಿಂಕ್ ಕೆಳಗಿನ ಬಾಗಿದ ಪೈಪ್ ನೋಡಿ. ಒಡೆದ ಥರ್ಮಾಮೀಟರ್‌ಗಳ ಪಾದರಸವೆಲ್ಲ ಅಲ್ಲೇ ಕೂತಿರುತ್ತದೆ. ನಮ್ಮಲ್ಲಿ ಪ್ಲಂಬರ್ ಒಂದು ಪೈಪ್ ಬಿಚ್ಚಿದಾಗ ಬೆಳ್ಳಿ ಗುಂಡುಗಳು ಬಕೆಟ್‌ಗೆ ಉರುಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಬಕೆಟ್ ಚರಂಡಿಗೆ ಹೋಗದಂತೆ ತಡೆದೆವು, ಸದ್ಯ. ಎಲ್ಲ ಪೈಪುಗಳ ಕೆಳಗೂ ಡಬ್ಬಿ ಇಟ್ಟು, ನಿಧಾನವಾಗಿ ಬಿಚ್ಚಿಸಿ.

ಎರಡನೆಯದು ಫ್ಯೂಮ್‌ಹುಡ್, ಅಂದರೆ ಪ್ರಯೋಗದ ಹೊಗೆಯನ್ನು ಡಕ್ಟ್ ಅನ್ನುವ ಕೊಳವೆಯಿಂದ ಹೊರಗೆಳೆಯುವ, ಮುಂದೆ ಗಾಜಿನ ಕದ ಇರುವ ಗೂಡು. ಅದರೊಳಗಿನ ಹಳೇ ಬೂದು ಹಲಗೆ ಆಸ್ಬೆಸ್ಟಸ್ ಸಿಮೆಂಟ್ ಇರಬಹುದು. ಹಿಂದೆ ಯಾವಾಗಲಾದರೂ ಆ ಹುಡ್‌ನಲ್ಲಿ ಪರ್ಕ್ಲೋರಿಕ್ ಆಮ್ಲ ಬಿಸಿ ಮಾಡಿದ್ದಾರಾ ಅಂತ ನಿವೃತ್ತರಾದ ಹಿರಿಯ ಅಧ್ಯಾಪಕರನ್ನು ಕೇಳಿ. ಮಾಡಿದ್ದರೆ ಡಕ್ಟಿನೊಳಗೆ ಪರ್ಕ್ಲೋರೇಟ್ ಹರಳು ಕಟ್ಟಿರಬಹುದು. ಸುತ್ತಿಗೆ ಏಟಿಗೇ ಸಿಡಿಯುವಂಥದ್ದು. ಈ ಪ್ರಶ್ನೆ ಯಾವ ಕಂಟ್ರಾಕ್ಟರ್ ತಲೆಗೂ ಬರುವುದಿಲ್ಲ. ನೀವೇ ಕೇಳಬೇಕು.

ಮೂರನೆಯದು ಕರೆಂಟ್. ಅಮೆರಿಕದಲ್ಲಿ ಮಾಡಿದ ಲೆಕ್ಕದಂತೆ ಒಂದು ಫ್ಯೂಮ್‌ಹುಡ್ ಅಲ್ಲಿನ ಸುಮಾರು ಮೂರು ಮನೆಗಳಷ್ಟು ಶಕ್ತಿ ತಿನ್ನುತ್ತದೆ. ತಂಪು ಅಥವಾ ಬೆಚ್ಚಗೆ ಮಾಡಿದ ಗಾಳಿಯನ್ನೆಲ್ಲ ಅದು ಹಗಲು ರಾತ್ರಿ ಎಳೆದು ಹೊರಗೆ ಬಿಸಾಡುತ್ತಿರುತ್ತದೆ. ಎಷ್ಟು ಹುಡ್ ನಿಜವಾಗಿ ಬಳಕೆಯಲ್ಲಿವೆ ಅಂತ ಎಣಿಸಿ. ಕಪಾಟಿನ ಥರ ರಾಸಾಯನಿಕದ ಬಾಟಲಿ ಇಡಲು ಬಳಸುತ್ತಿರುವ ಹುಡ್ ಇದ್ದೇ ಇರುತ್ತದೆ. ಆ ಬಾಟಲಿಗಳಿಗೆ ಸರಿಯಾದ ಕಪಾಟು ಕೊಡಿಸಿ, ಆ ಹುಡ್ ತೆಗೆಸಿ. ಉಳಿದವಕ್ಕೆ ಗಾಜು ಇಳಿಸಿದಾಗ ಗಾಳಿ ತಾನೇ ಕಮ್ಮಿಯಾಗುವ ವ್ಯವಸ್ಥೆ ಹಾಕಿಸಿ. ತಾರಸಿ ತುಂಬ ಸೋಲಾರ್ ಹಾಕಿ ಕೆಳಗೆ ಬೇಡದ ಹುಡ್ ಓಡಿಸುವುದು ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ.

ರಸಾಯನ_ಮೇಷ್ಟ್ರು

ಲ್ಯಾಬ್ ಮೇಡಂ, ತುಂಬಾ ಉಪಕಾರ ಆಯಿತು. ನಿಮ್ಮ ಬರಹ ಓದಿದ ಕೂಡಲೇ ಕೆಳಗೆ ಹೋಗಿ ಎಣಿಸಿದೆ. ಒಟ್ಟು ಒಂಬತ್ತು ಹುಡ್. ಕೆಲಸಕ್ಕೆ ಬಳಸುತ್ತಿರುವುದು ನಾಲ್ಕು. ಒಂದರಲ್ಲಿ ಹಳೇ ಪರೀಕ್ಷಾ ಕಾಗದಗಳಿದ್ದವು, ಫ್ಯಾನ್ ಓಡುತ್ತಲೇ ಇತ್ತು. ಪರ್ಕ್ಲೋರಿಕ್ ವಿಷಯ ನಮ್ಮ ನಿವೃತ್ತ ಮೇಡಂ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ಮೂಲೆಯ ಹುಡ್‌ನಲ್ಲಿ ಕೆಲವು ವರ್ಷ ಬಳಸಿದ್ದು ನಿಜ ಅಂದರು. ಎದೆ ಧಸಕ್ ಅಂದಿತು. ಆ ಡಕ್ಟ್ ಯಾರೂ ಮುಟ್ಟಬಾರದು ಅಂತ ಇವತ್ತೇ ಲಿಖಿತವಾಗಿ ಕೊಟ್ಟಿದ್ದೇನೆ.

ಸುಣ್ಣ_ಮರಳು

ಇಟ್ಟಿಗೆ ಗೋಡೆ ಬಗ್ಗೆ ಒಂದೇ ಮಾತು. ಸಂದಿಯ ಗಾರೆಯನ್ನು ಮೊಳೆಯಿಂದ ಗೀರಿ ನೋಡಿ. ಮೆತ್ತಗೆ ಪುಡಿ ಉದುರಿದರೆ ಅದು ಸುಣ್ಣದ ಗಾರೆ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಸಿಮೆಂಟ್ ತುಂಬಿಸಬೇಡಿ. ಸುಣ್ಣ ಉಸಿರಾಡುತ್ತದೆ, ಗೋಡೆಯ ತೇವ ಸಂದಿಯಿಂದ ಆರಿ ಹೋಗುತ್ತದೆ. ಸಿಮೆಂಟ್ ಬಿಗಿ. ತೇವಕ್ಕೆ ದಾರಿ ಸಿಗದೆ ಇಟ್ಟಿಗೆಯ ಮೂಲಕ ಹೊರಬರುತ್ತದೆ, ಉಪ್ಪು ಹೂ ಬಿಡುತ್ತದೆ, ಇಟ್ಟಿಗೆಯ ಮುಖವೇ ಪದರ ಪದರವಾಗಿ ಉದುರುತ್ತದೆ. ಹತ್ತಿಪ್ಪತ್ತು ವರ್ಷದಲ್ಲಿ ಹೊಸ ಸಿಮೆಂಟ್ ಗೆರೆ ಹಾಗೇ ನಿಂತಿರುತ್ತದೆ, ಇಟ್ಟಿಗೆ ಒಳಗೆ ತಿಂದು ಹೋಗಿರುತ್ತದೆ. ಗೋಡೆಗಿಂತ ಗಾರೆ ಮೆತ್ತಗಿರಬೇಕು. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ.

ಹೊರಗೋಡೆಗೆ ನೀರು ಹಿಡಿಯದ ಪ್ಲಾಸ್ಟಿಕ್ ಬಣ್ಣ ಬಳಿಯುವುದಕ್ಕೂ ಇದೇ ಮಾತು.

ಉಳಿ_ಬಾಚಿ

ಕಿಟಕಿ ಕೀಳುವ ಮಾತು ಕೇಳಿ ಬರೆಯದೆ ಇರಲು ಆಗಲಿಲ್ಲ. ಮರಗೆಲಸ ನಮ್ಮಪ್ಪನಿಂದ ಕಲಿತಿದ್ದು.

ಆ ಕಾಲದ ಕಿಟಕಿಗೆ ಹಾಕಿದ ಮರ ಎಷ್ಟೋ ಕಡೆ ನಿಧಾನವಾಗಿ ಬೆಳೆದ ದೊಡ್ಡ ಮರದ ತಿರುಳು. ನೂಲು ಒತ್ತೊತ್ತಾಗಿ ಇರುತ್ತದೆ. ಈಗ ಅಂಥದ್ದು ಸಿಗುವುದು ಕಷ್ಟ. ಕಿಟಕಿ ಹಾಳಾಗಿದೆ ಅಂತ ತೋರಿಸಿದಾಗ ನಾನು ದಬ್ಬಳ ಹಿಡಿದು ಹೋಗುತ್ತೇನೆ. ಕದದ ಕೆಳಗಿನ ಅಡ್ಡಪಟ್ಟಿಗೆ ಚುಚ್ಚುತ್ತೇನೆ, ಆಮೇಲೆ ಎರಡು ಮೂಲೆಗೆ. ಮಳೆ ನೀರು ನಿಲ್ಲುವುದು ಅಲ್ಲೇ. ದಬ್ಬಳ ಕಾಲು ಇಂಚು ಇಳಿದರೆ ಆ ಜಾಗ ಲಡ್ಡಾಗಿದೆ. ಟಕ್ ಅಂತ ನಿಂತರೆ ಮರ ಗಟ್ಟಿ. ಹತ್ತರಲ್ಲಿ ಏಳೆಂಟು ಕಿಟಕಿಗಳಲ್ಲಿ ಲಡ್ಡಾಗಿರುವುದು ಕೆಳಗಿನ ಒಂದು ಗೇಣು ಮಾತ್ರ. ಅಷ್ಟನ್ನು ಓರೆಯಾಗಿ ಕೊಯ್ದು, ಅದೇ ಜಾತಿ ಮರದ ತುಂಡು ಕೂಡಿಸಿ, ಅಂಟು ಹಾಕಿ ಬಿಗಿದರೆ ಇನ್ನೊಂದು ತಲೆಮಾರು ಬಾಳುತ್ತದೆ.

ಗಾಳಿ ಬರುತ್ತದೆ ಅನ್ನುವುದು ನಿಜ. ಆದರೆ ಗಾಳಿ ಬರುವುದು ಗಾಜಿನಿಂದ ಅಲ್ಲ, ಕದ ಚೌಕಟ್ಟಿಗೆ ಕೂರುವ ಸಂದಿಯಿಂದ. ಅಲ್ಲಿ ಒಂದು ತೋಡು ಹೊಡೆದು ಬ್ರಷ್ ಪಟ್ಟಿ ಕೂರಿಸಬೇಕು. ಅಷ್ಟು ಸಾಲದಿದ್ದರೆ ಒಳಗಡೆ ಇನ್ನೊಂದು ತೆಳು ಗಾಜಿನ ಕದ ಹಾಕಿ. ಅಲ್ಯೂಮಿನಿಯಂ ಬಗ್ಗೆ ನನಗೆ ದ್ವೇಷ ಇಲ್ಲ. ಅದು ಕೆಟ್ಟರೆ ರಿಪೇರಿ ಇಲ್ಲ ಅನ್ನುವುದೇ ಬೇಜಾರು. ಇಪ್ಪತ್ತೈದು ವರ್ಷಕ್ಕೆ ರಬ್ಬರ್ ಒಣಗಿ, ಜೋಡಿ ಗಾಜಿನ ನಡುವೆ ಮಂಜು ಕಟ್ಟಿದರೆ ಇಡೀ ಗಾಜೇ ಹೊಸದು ತರಬೇಕು.

ಮೀಟರ್_ರೀಡಿಂಗ್

ಉಳಿ ಬಾಚಿಯವರ ಮಾತು ಓದಿ ನಿನ್ನೆ ನಮ್ಮ ಹಳೇ ಬ್ಲಾಕಿನಲ್ಲಿ ತೆಳು ಕಾಗದದ ಪಟ್ಟಿ ಹಿಡಿದು ಎಲ್ಲ ಕಿಟಕಿ ಸುತ್ತ ಓಡಾಡಿದೆ. ಗಾಜಿನ ಎದುರು ಕಾಗದ ಅಲುಗಲಿಲ್ಲ. ಸಂದಿಯ ಎದುರು ಪಟಪಟ ಅಂದಿತು. ಕಿಟಕಿ ವಿಷಯದಲ್ಲಿ ನಾನು ಆತುರಪಟ್ಟೆ ಅಂತ ಒಪ್ಪುತ್ತೇನೆ.

ಆದರೆ ಬಿಲ್ಲಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಅದಕ್ಕೆ ಒಂದು ಕ್ರಮ ಇದೆ. ಮೇಷ್ಟ್ರೇ, ಸಭೆಯಲ್ಲಿ ಈ ಕ್ರಮವನ್ನು ಹಿಡಿದು ನಿಲ್ಲಿ. ಮೊದಲು ತಾರಸಿ. ಮೂರು ಮಹಡಿಯ ಕಟ್ಟಡದಲ್ಲಿ ಬಿಸಿಯಾಗಲಿ ಚಳಿಯಾಗಲಿ ಜಾಸ್ತಿ ನುಗ್ಗುವ ಜಾಗ ಅದೇ. ಸೋರುವುದನ್ನು ನಿಲ್ಲಿಸಿ, ಮೇಲೆ ಶಾಖ ತಡೆಯುವ ಪದರ ಹಾಕಿ. ಬಿಸಿಲ ಊರಾದರೆ ಮೇಲ್ಮೈ ಬಿಳಿ ಇರಲಿ. ಹೊಸ ಬಿಳಿ ಲೇಪ ಬಿಸಿಲಿನ ಸುಮಾರು ಶೇ. 80ರಷ್ಟನ್ನು ವಾಪಸ್ ಕಳಿಸುತ್ತದೆ. ಆಮೇಲೆ ಗಾಳಿ ಸಂದಿ, ಬಿಸಿಲಿಗೆ ಹೊರಗಿನ ನೆರಳು. ಆಮೇಲೆ ದೀಪ: 36 ವ್ಯಾಟಿನ ಹಳೇ ಟ್ಯೂಬ್ ಜಾಗದಲ್ಲಿ 18 ವ್ಯಾಟಿನ ಎಲ್‌ಇಡಿ ಸಾಕು. ಹೇಗೂ ಪಾದರಸದ ಟ್ಯೂಬುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನ ಮಾಡಿವೆ. ಇಷ್ಟೆಲ್ಲ ಆದ ಮೇಲೆ ಎಸಿ ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕಿ. ಮೊದಲು ಬೇಕು ಅಂದುಕೊಂಡಿದ್ದಕ್ಕಿಂತ ಚಿಕ್ಕದು ಸಾಕಾಗುತ್ತದೆ. ಸೋಲಾರ್ ಕೊನೆಗೆ. ತಾರಸಿ ಸರಿ ಮಾಡುವ ಮೊದಲೇ ಪ್ಯಾನೆಲ್ ಕೂರಿಸಿದರೆ ಎರಡು ವರ್ಷಕ್ಕೆ ಎಲ್ಲ ಇಳಿಸಬೇಕಾಗುತ್ತದೆ. ನಾನು ಇಳಿಸಿಸಿದ್ದೇನೆ.

ಇನ್ನೊಂದು: ಮಹಡಿಗೊಂದು, ಲ್ಯಾಬಿಗೊಂದು ಬೇರೆ ಮೀಟರ್ ಹಾಕಿಸಿ. ಕೆಲಸ ಮುಗಿದ ಮೇಲೆ ಒಂದು ವರ್ಷ ಅಳೆದು ತೋರಿಸುವುದನ್ನು ಕರಾರಿನಲ್ಲೇ ಬರೆಸಿ. ಅಳತೆ ಇಲ್ಲದಿದ್ದರೆ ಫಲಕವನ್ನು ನಂಬಿ ಕೂರಬೇಕಷ್ಟೇ.

ಕೂಲಿಂಗ್_ಕೆಲಸ

ಹಳೇ ಎಸಿ ಕೀಳುವಾಗ ಪೈಪ್ ಕತ್ತರಿಸಿ ಗ್ಯಾಸ್ ಬಿಡುವವರಿದ್ದಾರೆ. ಬಿಡಬೇಡಿ. ಆರ್-22 ಗ್ಯಾಸ್ ಒಂದು ಕೆ.ಜಿ. ಬಿಟ್ಟರೆ ಸುಮಾರು 1,800 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಮಾಡುತ್ತದೆ. ಓಝೋನ್ ಪದರಕ್ಕೂ ಪೆಟ್ಟು. ಆರ್-410ಎ ಓಝೋನ್ ಮುಟ್ಟುವುದಿಲ್ಲ, ಆದರೆ ಬಿಸಿ ಮಾಡುವುದರಲ್ಲಿ ಇನ್ನೂ ಮುಂದೆ. ಗ್ಯಾಸನ್ನು ಸಿಲಿಂಡರ್‌ಗೆ ಎಳೆದುಕೊಳ್ಳುವ ಯಂತ್ರ ಇದೆ. ಎಷ್ಟು ಕೆ.ಜಿ. ಎಳೆದರು ಅಂತ ತೂಕದ ಚೀಟಿ ಕೇಳಿ. ಚೀಟಿ ಇಲ್ಲ ಅಂದರೆ ಗ್ಯಾಸ್ ಗಾಳಿಗೆ ಹೋಗಿದೆ ಅಂತಲೇ ತಿಳಿಯಿರಿ.

ಎಂಟನೇ_ಸೆಮ್

ವಿದ್ಯಾರ್ಥಿಯಾಗಿ ಒಂದು ಮಾತು ಹೇಳಲಾ? ನಮ್ಮ ಕ್ಯಾಂಪಸ್‌ನಲ್ಲಿ ಹೋದ ವರ್ಷ ಒಂದು ಬ್ಲಾಕ್ ನವೀಕರಣ ಆಯಿತು. ಕಟ್ಟಡ ಚೆನ್ನಾಗಿಯೇ ಬಂತು. ಆದರೆ ಅದರ ಮುಂದಿದ್ದ ದೊಡ್ಡ ಮರ ಈಗ ಒಣಗುತ್ತಿದೆ. ಯಾರೂ ಕಡಿಯಲಿಲ್ಲ. ಬುಡದಲ್ಲಿ ಜಲ್ಲಿ, ಮರಳು ರಾಶಿ ಹಾಕಿದ್ದರು, ಲಾರಿ ಅದರ ನೆರಳಲ್ಲೇ ನಿಲ್ಲುತ್ತಿತ್ತು. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರನ್ನೂ ಅಲ್ಲೇ ಚೆಲ್ಲುತ್ತಿದ್ದರು. ನಾವು ದಿನಾ ನೋಡುತ್ತಿದ್ದೆವು, ಏನು ಅಂತ ತಿಳಿಯಲಿಲ್ಲ.

ಆಮೇಲೆ ಓದಿ ತಿಳಿದದ್ದು: ಮರದ ಬೇರು ಬಹುಪಾಲು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಅಗಲವಾಗಿ ಹರಡಿರುತ್ತದೆ. ತೂಕಕ್ಕೆ ಮಣ್ಣು ಬಿಗಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಸಿಮೆಂಟ್ ನೀರಿನ ಪಿಎಚ್ 12ರಿಂದ 13, ಅಷ್ಟು ಕ್ಷಾರ. ಬ್ರಿಟನ್ನಿನ ಮಾನದಂಡದಲ್ಲಿ ಕಾಂಡದ ಅಡ್ಡಗಲದ 12 ಪಟ್ಟು ದೂರದವರೆಗೆ ಬೇಲಿ ಹಾಕಬೇಕು ಅಂತಿದೆ. 50 ಸೆಂ.ಮೀ. ದಪ್ಪದ ಮರಕ್ಕೆ ಸುತ್ತ 6 ಮೀಟರ್. ಸರ್, ನಿಮ್ಮ ಕಟ್ಟಡದ ಸುತ್ತ ಮರ ಇದ್ದರೆ ಮೊದಲ ಲಾರಿ ಬರುವ ಮೊದಲೇ ಬೇಲಿ ಹಾಕಿಸಿ. ಸಜ್ಜಾ ಕೆಳಗೆ ಹಕ್ಕಿ ಗೂಡು ಇದ್ದರೆ ಮರಿ ಹಾರಿ ಹೋಗುವವರೆಗೆ ಆ ಭಾಗ ಬಿಟ್ಟು ಕೆಲಸ ಮಾಡಿಸಿ.

ಸೈಟ್_ಇಂಜಿನಿಯರ್

ತಮ್ಮಾ, ನೀನು ಹೇಳಿದ್ದು ನೂರಕ್ಕೆ ನೂರು ಸತ್ಯ. ಮಿಕ್ಸರ್ ತೊಳೆಯಲು ಪ್ಲಾಸ್ಟಿಕ್ ಹಾಸಿದ ಗುಂಡಿ ಬೇರೆ ಮಾಡಬೇಕು. ಆ ನೀರು ಚರಂಡಿಗೂ ಹೋಗಬಾರದು, ಕೆರೆ ಸೇರಿದರೆ ಮೀನು ಸಾಯುತ್ತವೆ. ಕಾಂಕ್ರೀಟ್ ಕೊಯ್ಯುವಾಗ ಗರಗಸಕ್ಕೆ ನೀರು ಬಿಡಬೇಕು. ಒಣಗಿದ್ದಾಗ ಕೊಯ್ದರೆ ಬರುವ ಸಿಲಿಕಾ ಧೂಳು ಶ್ವಾಸಕೋಶ ತಿನ್ನುತ್ತದೆ. ಹತ್ತಿರದಲ್ಲಿ ಉಸಿರಾಡುವವರು ಕೂಲಿಯವರು, ಅವರ ಪರ ಮಾತಾಡಲು ಸಮಿತಿಯಲ್ಲಿ ಯಾರೂ ಇರುವುದಿಲ್ಲ.

ಹಳೇಗೋಡೆ

ಮೇಷ್ಟ್ರೇ, ಟೆಂಡರ್ ಕಾಗದದಲ್ಲಿ ‘ಕಿತ್ತು ತೆಗೆದು ಸೈಟಿನಿಂದ ಸಾಗಿಸುವುದು, ಒಟ್ಟು ಮೊತ್ತ’ ಅಂತ ಒಂದು ಸಾಲು ಇದೆಯಾ ನೋಡಿ. ಬಹುತೇಕ ಕಡೆ ಇರುತ್ತದೆ. ಉಳಿಸುವ ಎಲ್ಲ ಯೋಚನೆಯೂ ಆ ಒಂದು ಸಾಲಿನಲ್ಲಿ ಸತ್ತು ಹೋಗುತ್ತದೆ. ಒಟ್ಟು ಮೊತ್ತ ಅಂದಮೇಲೆ ಕಂಟ್ರಾಕ್ಟರ್‌ಗೆ ಬೇಗ ಒಡೆದಷ್ಟೂ ಲಾಭ.

ಅದನ್ನು ಬಿಡಿಸಿ ಬರೆಸಿ. ಬಾಗಿಲು ಇಷ್ಟು, ಕೈಯಲ್ಲಿ ಬಿಚ್ಚಿ ಒಳಗಿಡುವುದು. ಕಲ್ಲಿನ ಬೆಂಚ್ ಇಷ್ಟು. ಇಟ್ಟಿಗೆ ಇಷ್ಟು, ಗಾರೆ ಬಿಡಿಸಿ ಜೋಡಿಸುವುದು. ಸುಣ್ಣದ ಗಾರೆಯಾದರೆ ಇಟ್ಟಿಗೆ ಸಲೀಸಾಗಿ ಬಿಡುತ್ತದೆ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇರೆ ಬೇರೆ ತೊಟ್ಟಿ. ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು ಅದಿರಿನಿಂದ ಮಾಡುವುದರ ಶೇ. 5ರಷ್ಟು ಶಕ್ತಿ ಸಾಕು. ಜಿಪ್ಸಮ್ ಹಲಗೆ ಮಾತ್ರ ಬೇರೆ ಕಸದ ಜೊತೆ ಸೇರಬಾರದು. ಕಸದ ಗುಡ್ಡದೊಳಗೆ ಗಾಳಿ ಇಲ್ಲದೆ ಒದ್ದೆಯಾದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ನಿಮಗೆ ಹೇಳಬೇಕಾಗಿಲ್ಲ.

ಬಿಚ್ಚಿದ್ದನ್ನು ಇಡಲು ಒಣಗಿದ, ಬೀಗ ಹಾಕುವ ಜಾಗ ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ಒಳ್ಳೆಯ ಬಾಗಿಲುಗಳು ಮಳೆಯಲ್ಲಿ ನೆನೆದು ಕೊನೆಗೆ ಕಸಕ್ಕೇ ಹೋಗಿದ್ದನ್ನು ಎರಡು ಸಲ ನೋಡಿದ್ದೇನೆ.

ಒಳಗಿನ ಹೊಸ ಹಲಗೆ, ಬಣ್ಣ, ಅಂಟು ಆರಿಸುವಾಗ ವಾಸನೆ ಕಮ್ಮಿ ಬಿಡುವ ಬಗೆ ಕೇಳಿ. ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಬಣ್ಣ ಬಳಿದ ಮಾರನೇ ದಿನವೇ ಮಕ್ಕಳನ್ನು ಕೂರಿಸಬಾರದು. ಗಾಲಿಕುರ್ಚಿಯಲ್ಲಿ ಬರುವವರಿಗೆ ರ‍್ಯಾಂಪ್, ಲಿಫ್ಟ್ ಈ ಸಲವೇ ಆಗಲಿ. ಎಲ್ಲರೂ ಬಳಸಲಾಗದ ಕಟ್ಟಡವನ್ನು ಮುಂದೆ ಯಾರಾದರೂ ಒಡೆದೇ ಒಡೆಯುತ್ತಾರೆ.

ರಸಾಯನ_ಮೇಷ್ಟ್ರು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ. ಮೂರು ವಾರದಲ್ಲಿ ಏನಾಯಿತು ಅಂತ ಹೇಳುತ್ತೇನೆ.

‘ಒಟ್ಟು ಮೊತ್ತ’ದ ಸಾಲು ಇತ್ತು. ಹಳೇಗೋಡೆ ಮೇಡಂ ಹೇಳಿದ ಅದೇ ಪದಗಳಲ್ಲಿ. ಅದನ್ನು ತೆಗೆಸಿ 31 ಸಾಲು ಮಾಡಿಸಿದ್ದೇವೆ. ಅಪಾಯಕಾರಿ ವಸ್ತುಗಳ ಸರ್ವೆಗೆ ಒಪ್ಪಿಗೆ ಸಿಕ್ಕಿದೆ, ಅದಕ್ಕಾಗಿ ಟೆಂಡರ್ ಮುಂದೆ ಹೋಗಿದೆ. ಐದು ಹುಡ್ ಬೇಡ ಅಂತ ವಿಭಾಗದವರೆಲ್ಲ ಸಹಿ ಹಾಕಿದರು. ಸೋಲಾರ್ ಮೊದಲಾ ತಾರಸಿ ಮೊದಲಾ ಅನ್ನುವುದರಲ್ಲಿ ಇನ್ನೂ ಜಗ್ಗಾಟ ನಡೆದಿದೆ. ಫೋಟೋದಲ್ಲಿ ಕಾಣುವುದು ಸೋಲಾರ್ ಅಲ್ವಾ, ಅದನ್ನು ಬಿಡಲು ಕೆಲವರಿಗೆ ಮನಸ್ಸಿಲ್ಲ. ಮುಂದಿನ ಸಭೆಗೆ ಮೀಟರ್ ರೀಡಿಂಗ್ ಸರ್ ಅವರ ಪ್ಯಾನೆಲ್ ಇಳಿಸಿದ ಕಥೆ ಓದಿ ಹೇಳುತ್ತೇನೆ.

ನಿನ್ನೆ ಒಬ್ಬ ಮರಗೆಲಸದವರನ್ನು ಕರೆಸಿ ದಬ್ಬಳ ಹಿಡಿದು ಎಲ್ಲ ಕಿಟಕಿ ಚುಚ್ಚಿದೆವು. 86 ಕಿಟಕಿ. ಪೂರ್ತಿ ಹೋಗಿರುವುದು 7. ಕೆಳಪಟ್ಟಿ ಮಾತ್ರ ಲಡ್ಡಾಗಿರುವುದು 22. ಉಳಿದ 57 ಟಕ್ ಟಕ್ ಅಂದವು. ಓದುವ ಕೋಣೆಯ ಒಂದು ಕದವನ್ನು ಕೀಲಿನಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದೆವು. ಕೆಳ ಅಂಚಿಗೆ ಬಣ್ಣವೇ ಕಂಡಿರಲಿಲ್ಲ. ಅಲ್ಲಿ ಪೆನ್ಸಿಲ್‌ನಲ್ಲಿ ‘3 ಬಲ’ ಅಂತ ಬರೆದಿತ್ತು. ಕದ ಮಾಡಿದವರು ಯಾವ ಚೌಕಟ್ಟಿಗೆ ಯಾವುದು ಅಂತ ಗುರುತು ಹಾಕಿಕೊಂಡಿದ್ದು. ಅಷ್ಟು ವರ್ಷವಾದರೂ ಅಳಿಸಿಲ್ಲ.

ಬಣ್ಣ ಕೆರೆದು ಮರ ನೋಡುವ ಆಸೆ ಕೈ ತುದಿಯವರೆಗೆ ಬಂತು. ಸೈಟ್ ಇಂಜಿನಿಯರ್ ಸರ್ ಬರೆದದ್ದು ನೆನಪಾಗಿ ಸುಮ್ನೆ ನಿಂತೆ. ಏಳು ಪದರ ಬಣ್ಣ ಇದೆ. ಅದರ ಒಂದು ಚೂರು ಸೀಸದ ಪರೀಕ್ಷೆಗೆ ಹೋಗಿದೆ. ವರದಿ ಬಂದ ದಿನ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಯಾವ ಕಿಟಕಿಗೂ ಉಜ್ಜುಕಾಗದ ತಾಗಿಸಬಾರದು ಅಂತ 86 ಚೀಟಿ ಬರೆದು ಅಂಟಿಸಿ ಬಂದಿದ್ದೇನೆ.